ಕಾವಲು ತೆಗೆದ ಬಾಗಿಲು: ವಾಷಿಂಗ್ಟನ್ನಿನ 1500 ಮ್ಯಾಸಚೂಸೆಟ್ಸ್ ಅವೆನ್ಯೂ ಪ್ರಕರಣ

ಆ ಕಟ್ಟಡಕ್ಕೆ ಮೂರು ಬಾಗಿಲುಗಳಿದ್ದವು. ಮುಖ್ಯದ್ವಾರ ಮ್ಯಾಸಚೂಸೆಟ್ಸ್ ಅವೆನ್ಯೂ ಕಡೆಗಿತ್ತು, ಪಕ್ಕದ ಬಾಗಿಲುಗಳಲ್ಲಿ ಒಂದು 15ನೆಯ ಬೀದಿಗೂ ಇನ್ನೊಂದು 16ನೆಯ ಬೀದಿಗೂ ತೆರೆಯುತ್ತಿದ್ದವು. ಒಳಗೆ ಸುಮಾರು 585 ಬಾಡಿಗೆ ಮನೆಗಳು. ಅಮೆರಿಕದ ರಾಜಧಾನಿಯ ಈ ಅಪಾರ್ಟ್‌ಮೆಂಟಿಗೆ 1959ರ ಅಕ್ಟೋಬರಿನಲ್ಲಿ ಒಬ್ಬ ಮಹಿಳೆ ಬಾಡಿಗೆದಾರರಾಗಿ ಬಂದರು. ಆಗ ಮುಖ್ಯದ್ವಾರದಲ್ಲಿ ಇಪ್ಪತ್ನಾಲ್ಕು ಗಂಟೆಯೂ ಕಾವಲುಗಾರನಿರುತ್ತಿದ್ದ. ಲಾಬಿಯ ಮೇಜಿನ ಹಿಂದೆ ಸದಾ ಒಬ್ಬ ಸಿಬ್ಬಂದಿ ಕುಳಿತಿರುತ್ತಿದ್ದರು, ಲಿಫ್ಟ್ ಹತ್ತುವವರು ಅವರ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. 15ನೆಯ ಬೀದಿಯ ಬಾಗಿಲು ಪಾರ್ಕಿಂಗ್ ಗ್ಯಾರೇಜಿಗೆ ಅಂಟಿಕೊಂಡಿತ್ತು. ಆ ಗ್ಯಾರೇಜನ್ನು ಹೊರಗಿನವರೂ ಬಳಸುತ್ತಿದ್ದರು, ಆದ್ದರಿಂದ ಅಲ್ಲಿ ಇಬ್ಬರನ್ನು ನೇಮಿಸಿ, ಅವರಲ್ಲೊಬ್ಬರಾದರೂ ಒಳಬರುವವರನ್ನು ನೋಡುತ್ತಿರುವಂತೆ ಕೆಲಸ ಹಂಚಲಾಗಿತ್ತು. 16ನೆಯ ಬೀದಿಯ ಬಾಗಿಲಿಗೆ ಕಾವಲಿರಲಿಲ್ಲ, ಆದರೆ ರಾತ್ರಿ ಒಂಬತ್ತರ ನಂತರ ಬೀಗ ಬೀಳುತ್ತಿತ್ತು.

1966ರ ಮಧ್ಯಭಾಗಕ್ಕೆ ಬರುವಷ್ಟರಲ್ಲಿ ಮುಖ್ಯದ್ವಾರದ ಕಾವಲುಗಾರ ಇರಲಿಲ್ಲ. ಲಾಬಿಯ ಮೇಜು ಬಹುಹೊತ್ತು ಖಾಲಿಯಾಗಿರುತ್ತಿತ್ತು. ಗ್ಯಾರೇಜಿನ ಸಿಬ್ಬಂದಿಯನ್ನು ಕಡಿಮೆ ಮಾಡಿದ್ದರಿಂದ 15ನೆಯ ಬೀದಿಯ ಬಾಗಿಲನ್ನು ಕೇಳುವವರಿರಲಿಲ್ಲ. 16ನೆಯ ಬೀದಿಯ ಬಾಗಿಲು ಎಷ್ಟೋ ದಿನ ರಾತ್ರಿಯಿಡೀ ಬೀಗವಿಲ್ಲದೆ ಇರುತ್ತಿತ್ತು. ಇದೇ ಅವಧಿಯಲ್ಲಿ ಕಟ್ಟಡದ ಕಾರಿಡಾರುಗಳಲ್ಲಿ ಹಲ್ಲೆ, ಕಳವು, ಸುಲಿಗೆಗಳು ಹೆಚ್ಚುತ್ತ ಹೋದವು. ಆಡಳಿತದವರಿಗೆ ಇದೆಲ್ಲ ಗೊತ್ತಿತ್ತು. ಕಟ್ಟಡವನ್ನು ಭದ್ರಪಡಿಸಿ ಎಂದು ಆ ಮಹಿಳೆಯೇ ಅವರನ್ನು ಒತ್ತಾಯಿಸಿದ್ದರು.

1966ರ ನವೆಂಬರ್ 17ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ತಮ್ಮ ಮನೆಯ ಬಾಗಿಲಿನಾಚೆಯ ಕಾರಿಡಾರಿನಲ್ಲಿ ಅವರ ಮೇಲೆ ದಾಳಿಯಾಯಿತು. ದಾಳಿಕೋರ ಸುಲಿಗೆ ಮಾಡಿದ, ಅವರಿಗೆ ತೀವ್ರವಾದ ಗಾಯಗಳಾದವು. ಅದಕ್ಕೆ ಎರಡು ತಿಂಗಳು ಮೊದಲು ಅದೇ ಕಾರಿಡಾರಿನಲ್ಲಿ ಇನ್ನೊಬ್ಬ ಬಾಡಿಗೆದಾರ ಮಹಿಳೆಯ ಮೇಲೆ ಇಂತಹದೇ ದಾಳಿ ನಡೆದಿತ್ತು.

ಗಾಯಗೊಂಡ ಮಹಿಳೆ ದಾವೆ ಹೂಡಿದ್ದು ಕಟ್ಟಡದ ಒಡೆತನ ಹೊಂದಿದ್ದ ಕಂಪನಿಯ ಮೇಲೆ. ದಾಳಿ ಮಾಡಿದವನು ಕಂಪನಿಯ ನೌಕರನಲ್ಲ, ಅವನನ್ನು ಕಂಪನಿ ಕಳುಹಿಸಿರಲೂ ಇಲ್ಲ. ಹಾಗಿರುವಾಗ ಅವನ ಅಪರಾಧಕ್ಕೆ ಮನೆ ಮಾಲೀಕ ಪರಿಹಾರ ಕೊಡಬೇಕೇ? ವಿಚಾರಣಾ ನ್ಯಾಯಾಲಯ ಕೊಡಬೇಕಿಲ್ಲ ಎಂದಿತು. ಹೊರಗಿನವರು ಎಸಗುವ ಅಪರಾಧದಿಂದ ಬಾಡಿಗೆದಾರರನ್ನು ಕಾಪಾಡುವ ಕರ್ತವ್ಯ ಮಾಲೀಕನಿಗೆ ಕಾನೂನಿನಲ್ಲಿಯೇ ಇಲ್ಲ ಎಂಬುದು ಅದರ ನಿಲುವು. ಕರ್ತವ್ಯವೇ ಇಲ್ಲವೆಂದ ಮೇಲೆ ಬಾಗಿಲಿಗೆ ಬೀಗವಿತ್ತೇ, ಕಾವಲುಗಾರನನ್ನು ಯಾಕೆ ತೆಗೆದಿರಿ ಎಂಬ ಪ್ರಶ್ನೆಗಳಿಗೆ ನ್ಯಾಯಾಲಯದಲ್ಲಿ ಜಾಗವಿರುವುದಿಲ್ಲ. ಈ ತೀರ್ಪು ಆ ನ್ಯಾಯಾಧೀಶರ ಕ್ರೌರ್ಯದಿಂದ ಬಂದದ್ದೇನಲ್ಲ. ಅಂದಿನ ಅಮೆರಿಕದ ಕಾನೂನು ಬಹುಮಟ್ಟಿಗೆ ಹಾಗೆಯೇ ಇತ್ತು.

ಹಾಗೆ ಇದ್ದುದಕ್ಕೆ ಕಾರಣ ಇಂಗ್ಲೆಂಡಿನ ಹಳೆಯ ಭೂ ಕಾನೂನು. ಆ ಕಾನೂನಿನ ಕಣ್ಣಿನಲ್ಲಿ ಬಾಡಿಗೆ ಕರಾರು ನಮ್ಮ ಗೇಣಿಯಂತೆ: ಒಡೆಯ ಭೂಮಿಯನ್ನು ಅವಧಿಗೆಂದು ಬಿಟ್ಟುಕೊಡುತ್ತಾನೆ, ಗೇಣಿದಾರ ಅದನ್ನು ಉಳುತ್ತಾನೆ, ಬೇಲಿ ಕಟ್ಟಿಕೊಳ್ಳುತ್ತಾನೆ, ಕಳ್ಳರು ಬಂದರೆ ಅವನೇ ನೋಡಿಕೊಳ್ಳುತ್ತಾನೆ. ಹೊಲದ ನಡುವಿನ ಒಂಟಿ ಮನೆಗೆ ಆ ಲೆಕ್ಕ ಹೊಂದೀತು. 585 ಮನೆಗಳಿಗೆ ಒಂದೇ ಲಾಬಿ, ಒಂದೇ ಸಾಲು ಲಿಫ್ಟುಗಳಿರುವ ಕಟ್ಟಡದಲ್ಲಿ ಬಾಡಿಗೆದಾರನಿಗೆ ಸಿಗುವುದು ಗೋಡೆಗಳ ನಡುವಿನ ಕೋಣೆಗಳು ಮಾತ್ರ. ಆ ಕೋಣೆಗಳಿಗೆ ಹೋಗುವ ದಾರಿ ಪೂರ್ತಿಯಾಗಿ ಮಾಲೀಕನ ಕೈಯಲ್ಲಿ ಉಳಿದಿರುತ್ತದೆ.

ಹೊಣೆ ಹೊರಿಸುವುದಕ್ಕೆ ಎದುರಾಗಿದ್ದ ವಾದಗಳಲ್ಲಿ ಎಲ್ಲವೂ ಹಳಸಿದವಲ್ಲ, ಕೆಲವು ತೂಕದವು. ಅವನ್ನು ಅತ್ಯಂತ ಬಲವಾಗಿ ಮಂಡಿಸಿದ್ದು ನ್ಯೂಜೆರ್ಸಿ ರಾಜ್ಯದ ಸುಪ್ರೀಂ ಕೋರ್ಟು, 1962ರಲ್ಲಿ. ನ್ಯೂಆರ್ಕ್ ನಗರದ ಸರ್ಕಾರಿ ವಸತಿ ಸಮುಚ್ಚಯವೊಂದರಲ್ಲಿ ಹಾಲು ಹಾಕಲು ಹೋದವನನ್ನು ಲಿಫ್ಟಿನಲ್ಲಿ ಹೊಡೆದು ದೋಚಿದ್ದರು. ಮುಖ್ಯ ನ್ಯಾಯಮೂರ್ತಿ ಜೋಸೆಫ್ ವೈನ್‌ಟ್ರಾಬ್ ಅವರು ವಸತಿ ಪ್ರಾಧಿಕಾರದ ಮೇಲೆ ಹೊಣೆ ಹೊರಿಸಲು ಒಪ್ಪಲಿಲ್ಲ. ಅಪರಾಧ ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ನಡೆಯಬಹುದೆಂದು ಯಾರಾದರೂ ಊಹಿಸಬಲ್ಲರು, ಊಹಿಸಬಲ್ಲರು ಎಂಬುದೊಂದರಿಂದಲೇ ಕರ್ತವ್ಯ ಹುಟ್ಟುವುದಿಲ್ಲ ಎಂದರು ಅವರು. ಎಷ್ಟು ಕಾವಲು ಸಾಕು ಎಂದು ಯಾರು ಹೇಳಬೇಕು? ಅದರ ಖರ್ಚು ಕೊನೆಗೆ ಬೀಳುವುದು ಯಾರ ತಲೆಯ ಮೇಲೆ? ಅಪರಾಧ ಹೆಚ್ಚಿರುವ ಬಡ ಬಡಾವಣೆಗಳ ಬಾಡಿಗೆದಾರರ ಮೇಲೆಯೇ ಅಲ್ಲವೇ? ಪೊಲೀಸ್ ಕೆಲಸ ಸರ್ಕಾರದ್ದು, ಅದನ್ನು ಮನೆ ಮಾಲೀಕರ ಹೆಗಲಿಗೆ ದಾಟಿಸಬಾರದು. ಈ ಕೊನೆಯ ಎರಡು ಮಾತುಗಳನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ.

ವಾಷಿಂಗ್ಟನ್ನಿನ ಆ ಮಹಿಳೆಯ ಮೇಲ್ಮನವಿ 1970ರ ಆಗಸ್ಟಿನಲ್ಲಿ ಅಲ್ಲಿಯ ಫೆಡರಲ್ ಮೇಲ್ಮನವಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಮೆರಿಕದ ಫೆಡರಲ್ ನ್ಯಾಯಾಲಯಗಳ ತೀರ್ಪುಗಳ ಸಂಗ್ರಹವಾದ ಫೆಡರಲ್ ರಿಪೋರ್ಟರ್ ಎರಡನೆಯ ಸರಣಿಯ 439ನೆಯ ಸಂಪುಟದ 477ನೆಯ ಪುಟದಿಂದ ಆ ತೀರ್ಪನ್ನು ಓದಬಹುದು. ಬರೆದವರು ನ್ಯಾಯಾಧೀಶ ಮಾಲ್ಕಂ ವಿಲ್ಕಿ. ಅಧ್ಯಕ್ಷ ನಿಕ್ಸನ್ ಅವರಿಂದ ನೇಮಕಗೊಂಡು ಅದೇ ವರ್ಷ ಪೀಠಕ್ಕೆ ಬಂದವರು, ಕ್ರಾಂತಿಕಾರಿ ಎಂದು ಯಾರೂ ಕರೆಯದ ಸಂಪ್ರದಾಯವಾದಿ. ಅದೇ ವರ್ಷದ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಉದಾರವಾದಿ ನ್ಯಾಯಾಧೀಶ ಸ್ಕೆಲ್ಲಿ ರೈಟ್ ಅವರು, ನಗರದ ಮನೆಯ ಬಾಡಿಗೆ ಕರಾರಿನಲ್ಲಿ ಆ ಮನೆ ವಾಸಯೋಗ್ಯವಾಗಿರುತ್ತದೆ ಎಂಬ ಭರವಸೆಯೂ ಅಡಗಿದೆ, ಬರೆಯದಿದ್ದರೂ ಅದು ಮಾಲೀಕನನ್ನು ಕಟ್ಟಿಹಾಕುತ್ತದೆ ಎಂದು ತೀರ್ಪು ಕೊಟ್ಟಿದ್ದರು. ಗೇಣಿಯ ತರ್ಕ ಅಲ್ಲಿಗೆ ಮುರಿದಿತ್ತು. ವಿಲ್ಕಿ ಆ ಮುರಿದ ಜಾಗದಿಂದ ಮುಂದೆ ನಡೆದರು.

ಅವರ ತರ್ಕದ ಬೇರು ಇರುವುದು ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯಲ್ಲಿ. ಒಬ್ಬ ಬಾಡಿಗೆದಾರ ತನ್ನ ಮನೆಯ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿಕೊಳ್ಳಬಹುದು. ಗ್ಯಾರೇಜಿನ ಬಾಗಿಲನ್ನು ಹೊತ್ತಿಗೆ ಸರಿಯಾಗಿ ಮುಚ್ಚಿಸಲು, ಮುಖ್ಯದ್ವಾರದಲ್ಲಿ ಬಂದವರನ್ನು ವಿಚಾರಿಸಲು, ಕಾರಿಡಾರು ಲಿಫ್ಟುಗಳಲ್ಲಿ ಗಸ್ತು ಹಾಕಿಸಲು, ಎಚ್ಚರಿಕೆಯ ಗಂಟೆ ಅಳವಡಿಸಲು, ಅತಿಥಿ ಬಂದಾಗ ಮೇಲಿನಿಂದ ಒಪ್ಪಿಗೆ ಪಡೆದು ಬಿಡುವ ವ್ಯವಸ್ಥೆ ಮಾಡಲು ಅವನಿಂದ ಸಾಧ್ಯವೇ? ತೀರ್ಪು ಇವನ್ನೆಲ್ಲ ಒಂದೊಂದಾಗಿ ಹೆಸರಿಸಿ ಹೇಳುತ್ತದೆ. ಪೊಲೀಸರೂ ಖಾಸಗಿ ಕಟ್ಟಡದ ಒಳಗಿನ ಕಾರಿಡಾರುಗಳಲ್ಲಿ ಗಸ್ತು ತಿರುಗುವುದಿಲ್ಲ, ಅವರ ಬೀಟು ಬೀದಿಯಲ್ಲಿ ಮುಗಿಯುತ್ತದೆ. ಮಾಲೀಕನೊಬ್ಬನಿಗೆ ಮಾತ್ರ ಆ ಜಾಗದಲ್ಲಿ ಏನನ್ನಾದರೂ ಮಾಡುವ ಅಧಿಕಾರವಿದೆ. ಇದಕ್ಕೆ ಹತ್ತಿರದ ಸಂಬಂಧ ಕಾನೂನಿನಲ್ಲಿ ಮೊದಲೇ ಇತ್ತು: ವಸತಿಗೃಹದ ಒಡೆಯನಿಗೂ ಅಲ್ಲಿ ತಂಗುವ ಪ್ರಯಾಣಿಕನಿಗೂ ಇರುವ ಸಂಬಂಧ. ಒಂದು ರಾತ್ರಿ ತಂಗುವವನಿಗೆ ಸಿಗುವ ರಕ್ಷಣೆ ವರ್ಷಗಟ್ಟಲೆ ಬಾಡಿಗೆ ಕೊಡುವವರಿಗೆ ಯಾಕೆ ಸಿಗಬಾರದು ಎಂಬ ಪ್ರಶ್ನೆಗೆ ಎದುರು ಪಕ್ಷದಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ಮಾಲೀಕನೇನೂ ಬಾಡಿಗೆದಾರರ ಸುರಕ್ಷತೆಗೆ ವಿಮೆ ಬರೆದುಕೊಟ್ಟವನಲ್ಲ, ಆದರೆ ಬರಿದೆ ನಿಂತು ನೋಡುವವನಂತೂ ಖಂಡಿತ ಅಲ್ಲ ಎಂಬರ್ಥದ ವಾಕ್ಯವೊಂದು ಆ ತೀರ್ಪಿನಲ್ಲಿದೆ. ಅದರ ಬೆನ್ನಿಗೇ ಬರುವ ಷರತ್ತುಗಳು ಮುಖ್ಯ. ಅಪರಾಧಗಳು ಮತ್ತೆ ಮತ್ತೆ ನಡೆದದ್ದು ಮಾಲೀಕನಿಗೆ ತಿಳಿದಿರಬೇಕು. ಅವು ಅವನೊಬ್ಬನ ಹತೋಟಿಯಲ್ಲಿರುವ ಜಾಗದಲ್ಲಿಯೇ ನಡೆದಿರಬೇಕು. ಮುಂದೆಯೂ ನಡೆಯುತ್ತವೆ ಎಂದು ನಂಬಲು ಕಾರಣವಿರಬೇಕು. ತಡೆಯುವ ಶಕ್ತಿ ಅವನಲ್ಲಿಯೇ ಇರಬೇಕು. ಇವೆಲ್ಲ ಕೂಡಿದಾಗ, ಕೈಲಾದ ಕ್ರಮಗಳಿಂದ ಆ ಅಪಾಯವನ್ನು ತಗ್ಗಿಸುವ ಕರ್ತವ್ಯ ಅವನದಾಗುತ್ತದೆ. ಅಪರಾಧ ನಡೆಯಿತು ಎಂಬುದಷ್ಟೇ ಸಾಲದು. ಅಮೆರಿಕದಲ್ಲಿ ಕಟ್ಟಡದಲ್ಲಿ ಏನೇ ಆದರೂ ಮಾಲೀಕನ ಮೇಲೆ ಕೇಸು ಹಾಕಬಹುದು ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿ ಸಾಕಷ್ಟಿದೆ, ಅಂತಹವರು ಈ ಷರತ್ತುಗಳನ್ನು ಮತ್ತೊಮ್ಮೆ ಓದಬೇಕು.

ಎಷ್ಟು ಕಾವಲು ಸಾಕು ಎಂಬ ವೈನ್‌ಟ್ರಾಬ್ ಅವರ ಪ್ರಶ್ನೆಗೆ ವಿಲ್ಕಿ ಕೊಟ್ಟ ಉತ್ತರ ಜಾಣತನದ್ದು. ಅಳತೆಗೋಲನ್ನು ಅವರು ಹೊರಗಿನಿಂದ ತರಲೇ ಇಲ್ಲ. ಬಾಡಿಗೆದಾರರು 1959ರಲ್ಲಿ ಕರಾರಿಗೆ ಸಹಿ ಹಾಕಿದಾಗ ಇದೇ ಕಟ್ಟಡದಲ್ಲಿ ಎಂತಹ ಭದ್ರತೆ ಇತ್ತೋ, ಹೋಲಿಕೆಯಲ್ಲಿ ಅಷ್ಟೇ ಮಟ್ಟದ ಭದ್ರತೆ 1966ರಲ್ಲಿಯೂ ಇರಬೇಕಿತ್ತು. ಅದೇ ಕಾವಲುಗಾರನನ್ನೇ ಇಟ್ಟುಕೊಳ್ಳಬೇಕೆಂದೇನಿಲ್ಲ, ಬೇರೆ ಬಗೆಯ ಬೀಗ, ಬೇರೆ ಬಗೆಯ ವ್ಯವಸ್ಥೆ ಅದೇ ಕೆಲಸ ಮಾಡುವಂತಿದ್ದರೆ ಸಾಕು. ಖರ್ಚು ಹೆಚ್ಚಾದರೆ ಬಾಡಿಗೆಗೆ ಸೇರಿಸಿಕೊಳ್ಳಲು ಮಾಲೀಕನಿಗೆ ಹಕ್ಕಿದೆ ಎಂದೂ ತೀರ್ಪು ಬಿಚ್ಚಿ ಹೇಳಿತು. ಕೆಳ ನ್ಯಾಯಾಲಯದ ತೀರ್ಪು ರದ್ದಾಯಿತು, ಪರಿಹಾರದ ಮೊತ್ತವನ್ನು ನಿಗದಿ ಮಾಡುವುದಕ್ಕಾಗಿ ಮಾತ್ರ ಪ್ರಕರಣ ಹಿಂದಕ್ಕೆ ಹೋಯಿತು.

ಇದ್ದ ಭದ್ರತೆಯನ್ನು ಕಿತ್ತುಕೊಂಡದ್ದೇ ಇಲ್ಲಿ ನಿರ್ಣಾಯಕವಾಯಿತು ಎಂದು ನಾನು ಓದುತ್ತೇನೆ. ಅಪರಾಧ ಏರುತ್ತಿದ್ದ ವರ್ಷಗಳಲ್ಲಿ ಕಾವಲು ಇಳಿಯುತ್ತ ಹೋಯಿತು, ಉಳಿತಾಯವೆಲ್ಲ ಒಬ್ಬರಿಗೆ, ಅದರಿಂದ ಬಂದ ಅಪಾಯವೆಲ್ಲ ಇನ್ನೊಬ್ಬರಿಗೆ. ಆದರೆ ಈ ಅಳತೆಗೋಲಿನಲ್ಲಿ ಒಂದು ತೊಡಕೂ ಇದೆ. ಮೊದಲ ದಿನದಿಂದಲೂ ಬಾಗಿಲಿಗೆ ಬೀಗವನ್ನೇ ಹಾಕದ ಮಾಲೀಕನ ಗತಿ ಏನು? ಕಾವಲು ಕೊಟ್ಟು ಹಿಂತೆಗೆದುಕೊಂಡವನು ಸಿಕ್ಕಿಬಿದ್ದು, ಎಂದೂ ಏನನ್ನೂ ಕೊಡದವನು ಪಾರಾಗಬೇಕೇ?

ಅದಕ್ಕೆ ಉತ್ತರ ಬಂದದ್ದು ಹತ್ತು ವರ್ಷಗಳ ನಂತರ, ಹಾಲಿನವನ ಪ್ರಕರಣ ನಡೆದ ನ್ಯೂಜೆರ್ಸಿಯಿಂದಲೇ. ಪಸೇಕ್ ಪಟ್ಟಣದಲ್ಲಿ ಎಂಟು ಮನೆಗಳ ಸಣ್ಣ ಕಟ್ಟಡ. ಹಿಂಬಾಗಿಲಿಗೆ ಬೀಗವಿತ್ತು, ಮುಂಬಾಗಿಲಿಗೆ ಇರಲಿಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ವಾಸವಿದ್ದ 61 ವರ್ಷದ ವಿಧವೆಯೊಬ್ಬರು 1973ರ ಡಿಸೆಂಬರಿನ ಒಂದು ದಿನ ಮೆಟ್ಟಿಲೇರಿ ಮನೆ ಸೇರುವಷ್ಟರಲ್ಲಿ ಹಿಂದಿನಿಂದ ಬಂದವನೊಬ್ಬ ಕಾಲು ಹಿಡಿದು ಕೆಳಗೆ ಎಳೆದು ಕೈಚೀಲ ಕಿತ್ತುಕೊಂಡು ಓಡಿದ. ಜ್ಯೂರಿ ಅವರಿಗೆ 3,000 ಡಾಲರ್ ಪರಿಹಾರ ಕೊಡಿಸಿತ್ತು. 1980ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದುದಲ್ಲದೆ ವಾಷಿಂಗ್ಟನ್ನಿನ ತೀರ್ಪಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು: ಹೊರಬಾಗಿಲಿನ ಬೀಗ ವಾಸಯೋಗ್ಯ ಮನೆಯ ಭಾಗವೇ ಆಗಿದೆ, ಹಿಂದಿನ ಅಪರಾಧಗಳ ಸುದ್ದಿ ಮಾಲೀಕನಿಗೆ ಮುಟ್ಟಿತ್ತೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿಲ್ಲ. ಮೊತ್ತ ಚಿಕ್ಕದು, ಅದರ ಹಿಂದಿನ ತತ್ವ ದೊಡ್ಡದು. ಇಂದು ನ್ಯೂಜೆರ್ಸಿಯ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗಿರುವ ಕನ್ನಡದ ಕುಟುಂಬಗಳು ಹೊರಬಾಗಿಲಿನ ಬೀಗ ಕೆಟ್ಟರೆ ದನಿ ಎತ್ತಿ ಕೇಳಬಹುದಾದರೆ, ಅದಕ್ಕೆ ಪಸೇಕ್ ಪಟ್ಟಣದ ಆ ವಿಧವೆಯ ದಾವೆಯೂ ಒಂದು ಕಾರಣ.

ಪೊಲೀಸರಿದ್ದಾರಲ್ಲ ಎಂಬ ವಾದಕ್ಕೆ ವಾಷಿಂಗ್ಟನ್ ನಗರವೇ ಕೊಟ್ಟ ಉತ್ತರವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗುವುದಿಲ್ಲ. ಆ ನಗರದ ಮನೆಯೊಂದಕ್ಕೆ 1975ರಲ್ಲಿ ದುಷ್ಕರ್ಮಿಗಳು ನುಗ್ಗಿದಾಗ ಅಲ್ಲಿದ್ದ ಮಹಿಳೆಯರು ಪೊಲೀಸರಿಗೆ ಮತ್ತೆ ಮತ್ತೆ ಕರೆ ಮಾಡಿದರು, ಸರಿಯಾದ ನೆರವು ಬರಲಿಲ್ಲ. ಅವರು ಹೂಡಿದ ದಾವೆಯಲ್ಲಿ ನಗರದ ಮೇಲ್ಮನವಿ ನ್ಯಾಯಾಲಯ 1981ರಲ್ಲಿ ಹೇಳಿದ್ದು, ಪೊಲೀಸರ ಕರ್ತವ್ಯ ಸಾರ್ವಜನಿಕರಿಗೆ ಒಟ್ಟಾರೆಯಾಗಿ ಸಲ್ಲುವಂತಹದು, ಯಾವೊಬ್ಬ ನಿರ್ದಿಷ್ಟ ವ್ಯಕ್ತಿಗೂ ಅಲ್ಲ, ಆದ್ದರಿಂದ ಪರಿಹಾರ ಇಲ್ಲ ಎಂದು. ರಕ್ಷಣೆ ಸರ್ಕಾರದ ಕೆಲಸ ಎಂದು ಮಾಲೀಕನನ್ನು ಬಿಟ್ಟು, ನಿರ್ದಿಷ್ಟ ವ್ಯಕ್ತಿಗೆ ಹೊಣೆಯಿಲ್ಲ ಎಂದು ಸರ್ಕಾರವನ್ನೂ ಬಿಟ್ಟರೆ, ಕತ್ತಲ ಕಾರಿಡಾರಿನಲ್ಲಿ ನಿಂತವರಿಗೆ ಉತ್ತರ ಕೊಡಬೇಕಾದವರು ಒಬ್ಬರೂ ಉಳಿಯುವುದಿಲ್ಲ. ಇದು ನನಗೆ ಸಹಿಸಲಾಗದ ಸ್ಥಿತಿ. ವಿಲ್ಕಿ ಅವರ ತೀರ್ಪು ಸರಿ ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣವೂ ಇದೇ.

ಇನ್ನು ಭಿನ್ನಮತ. ಪೀಠದ ನ್ಯಾಯಾಧೀಶ ಜಾರ್ಜ್ ಮ್ಯಾಕಿನ್ನನ್ ಬಹುಮತವನ್ನು ಒಪ್ಪಲಿಲ್ಲ. ಅವರ ಆಕ್ಷೇಪದ ಮೊನೆ ಸಾಕ್ಷ್ಯದ ಕಡೆಗಿತ್ತು. ದಾಳಿ ಮಾಡಿದವನು ಯಾರು? ಕಾವಲಿಲ್ಲದ ಬಾಗಿಲಿನಿಂದ ನುಗ್ಗಿದ ಹೊರಗಿನವನೇ ಎಂದು ಎಲ್ಲಿ ಸಾಬೀತಾಗಿದೆ? 585 ಮನೆಗಳಲ್ಲಿ ಯಾವುದಾದರೂ ಒಂದು ಮನೆಯ ಬಾಡಿಗೆದಾರನೋ, ಅವರ ಅತಿಥಿಯೋ ಆಗಿದ್ದರೆ? ಹಾಗಿದ್ದಲ್ಲಿ ಕಾವಲುಗಾರನಿದ್ದರೂ ಅವನಿಗೆ ಬಾಗಿಲು ತೆರೆದೇ ಇರುತ್ತಿತ್ತು. 1970ರಲ್ಲಿ ಸೋತ ಈ ವಾದ ಮುಂದಿನ ದಶಕಗಳಲ್ಲಿ ಬೇರೆಡೆ ಗೆದ್ದಿದೆ. ಈ ಬಗೆಯ ದಾವೆಗಳು ಮುರಿದುಬೀಳುವ ಜಾಗ ಸಾಮಾನ್ಯವಾಗಿ ಇದೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕ್ಯಾಲಿಫೋರ್ನಿಯಾದ ಬೆಲ್‌ಫ್ಲವರ್ ಪಟ್ಟಣದಲ್ಲಿ 28 ಕಟ್ಟಡಗಳ, 300 ಮನೆಗಳ ಅಪಾರ್ಟ್‌ಮೆಂಟ್ ಸಮುಚ್ಚಯವೊಂದಿತ್ತು. ಅಲ್ಲಿ ಅಪರಾಧಗಳು ಪದೇ ಪದೇ ನಡೆಯುತ್ತಿದ್ದವು. ಆಡಳಿತದವರು ರಾತ್ರಿಗೆ ಗಾರ್ಡುಗಳನ್ನು ಇಟ್ಟಿದ್ದರು, ಹಗಲಿಗೆ ಇಟ್ಟಿರಲಿಲ್ಲ. ಪಾರ್ಸೆಲ್ ತಲುಪಿಸಲು ಹಗಲಿನಲ್ಲಿ ಬಂದ ಕೊರಿಯರ್ ಕಂಪನಿಯ ಮಹಿಳೆಯೊಬ್ಬರು, ತೆರೆದಿಟ್ಟಿದ್ದ ಗೇಟಿನಿಂದ ಒಳಗೆ ಹೋಗುವಾಗ ಅಲ್ಲಿ ಸುಮ್ಮನೆ ನಿಂತಿದ್ದ ಯುವಕರನ್ನು ಕಂಡರು. ಪಾರ್ಸೆಲ್ ಪಡೆಯಬೇಕಾದವರು ಸಿಗದೆ ಹಿಂದಿರುಗುವಾಗ ಮೂವರು ಅವರನ್ನು ಅಡ್ಡಗಟ್ಟಿ ಹೊಡೆದರು, ಅತ್ಯಾಚಾರಕ್ಕೆ ಯತ್ನಿಸಿದರು. ದಾಳಿಕೋರರ ಗುರುತು ಪತ್ತೆಯಾಗಲಿಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಅವರ ದಾವೆಯನ್ನು ವಿಚಾರಣೆಯವರೆಗೂ ಹೋಗಲು ಬಿಡಲಿಲ್ಲ. ದಾಳಿಕೋರರು ಆ ಸಮುಚ್ಚಯದಲ್ಲಿಯೇ ವಾಸಿಸುವವರಾಗಿದ್ದಿರಬಹುದು. ಹಗಲಿನಲ್ಲಿ ಗಾರ್ಡುಗಳಿದ್ದಿದ್ದರೆ, ಗೇಟು ಸರಿಯಿದ್ದಿದ್ದರೆ ಈ ದಾಳಿ ತಪ್ಪುತ್ತಿತ್ತು ಎಂಬುದು ಊಹೆಯೇ ಹೊರತು ಸಾಕ್ಷ್ಯವಲ್ಲ ಎಂದಿತು ಬಹುಮತ. ಮಾಲೀಕನ ಲೋಪಕ್ಕೂ ಗಾಯಕ್ಕೂ ನಡುವಿನ ಕೊಂಡಿಯನ್ನು ಗಾಯಗೊಂಡವರೇ ತೋರಿಸಬೇಕು. ಪೀಠದ ಕೆಲವು ನ್ಯಾಯಮೂರ್ತಿಗಳು ಇದನ್ನು ಕಟುವಾಗಿ ವಿರೋಧಿಸಿದರು. ಅವರೊಂದಿಗೆ ನನ್ನ ಸಹಮತವಿದೆ. ಕಾವಲಿಲ್ಲದ ಕಾರಣಕ್ಕಾಗಿಯೇ ಅಪರಾಧಿ ಸಿಕ್ಕಿಬೀಳದೆ ತಪ್ಪಿಸಿಕೊಳ್ಳುತ್ತಾನೆ, ಅವನು ಸಿಗದ ಕಾರಣಕ್ಕಾಗಿಯೇ ಕಾವಲು ಇಡದವನೂ ತಪ್ಪಿಸಿಕೊಳ್ಳುತ್ತಾನೆ. ಲೋಪ ಹೆಚ್ಚಿದಷ್ಟೂ ಸಾಕ್ಷ್ಯ ಕಡಿಮೆಯಾಗುವ ಇಂತಹ ನಿಯಮ ಯಾರ ಪರವಾಗಿ ಕೆಲಸ ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ನ್ಯೂಯಾರ್ಕ್ ಬೇರೆ ದಾರಿ ಹಿಡಿಯಿತು. 1998ರ ತೀರ್ಪಿನಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ, ದಾಳಿಕೋರನ ಹೆಸರು ಗೊತ್ತಿರಬೇಕೆಂದು ಕೇಳುವುದು ಸಲ್ಲದು ಎಂದಿತು. ಬೀಗ ಕೆಟ್ಟ ಬಾಗಿಲಿನಿಂದ ಬಂದ ಹೊರಗಿನವನೇ ಇರುವ ಸಾಧ್ಯತೆ, ಅಲ್ಲದಿರುವ ಸಾಧ್ಯತೆಗಿಂತ ಹೆಚ್ಚು ಎಂದು ಸನ್ನಿವೇಶದಿಂದ ತೋರಿಸಿದರೆ ಸಾಕು. ಚಿಕ್ಕ ಕಟ್ಟಡದಲ್ಲಿ ವರ್ಷಗಟ್ಟಲೆ ಇದ್ದು ಎಲ್ಲರ ಮುಖ ಬಲ್ಲವರು, ದಾಳಿಕೋರರನ್ನು ಹಿಂದೆಂದೂ ನೋಡಿಲ್ಲ ಎಂದರೆ ಅದಕ್ಕೆ ತೂಕವಿದೆ. ಮುಖ ಮುಚ್ಚಿಕೊಳ್ಳದೆ ಬಂದವನು ಅಲ್ಲಿಯ ನಿವಾಸಿಯಾಗಿರುವ ಸಂಭವ ಕಡಿಮೆ, ಯಾಕೆಂದರೆ ನಿವಾಸಿಗೆ ಗುರುತು ಸಿಗುವ ಭಯವಿರುತ್ತದೆ. ಬದುಕನ್ನು ಬಲ್ಲ ನ್ಯಾಯಾಧೀಶರ ತರ್ಕ ಇದು. ಅಲ್ಲಿ ಶಾಸನದ ಬೆಂಬಲವೂ ಇದೆ: 1968ರಿಂದ ಈಚೆಗೆ ಕಟ್ಟಿದ ಬಹುಮಹಡಿ ವಸತಿಗಳ ಹೊರಬಾಗಿಲು ತಾನಾಗಿ ಮುಚ್ಚಿಕೊಂಡು ತಾನಾಗಿ ಬೀಗ ಬೀಳುವಂತಿರಬೇಕು, ಎಂಟು ಅಥವಾ ಹೆಚ್ಚು ಮನೆಗಳಿದ್ದರೆ ಇಂಟರ್‌ಕಾಮ್ ಇರಬೇಕು. ಶಾಸನ ಹೇಳಿದ ಬೀಗವೇ ಇಲ್ಲದಿದ್ದಾಗ ಎಷ್ಟು ಕಾವಲು ಸಾಕು ಎಂಬ ಚರ್ಚೆಗೆ ಅವಕಾಶ ಉಳಿಯುವುದಿಲ್ಲ.

ವೈನ್‌ಟ್ರಾಬ್ ಅವರ ಆತಂಕ ಮಾತ್ರ ಇಂದಿಗೂ ಉಳಿದಿದೆ. ಹೊಣೆಯ ಭಯ ಹೆಚ್ಚಿದಾಗ ಕೆಲವು ಮಾಲೀಕರು ಬೀಗ ಹಾಕಿಸುವ ಬದಲು ಬಾಡಿಗೆದಾರರನ್ನೇ ಸೋಸಲು ತೊಡಗಿದರು. ಅರಿಜೋನಾದ ಮೆಸಾ ನಗರದಲ್ಲಿ 1992ರಲ್ಲಿ ಶುರುವಾದ ಅಪರಾಧಮುಕ್ತ ವಸತಿ ಯೋಜನೆ ದೇಶದ ಅನೇಕ ಊರುಗಳಿಗೆ ಹರಡಿತು. ಪೊಲೀಸರು ಬಂದುಹೋದ ಮನೆಯನ್ನು ಖಾಲಿ ಮಾಡಿಸುವುದು ಅದರ ಒಂದು ಮುಖ. ಗಂಡನ ಹೊಡೆತ ತಾಳಲಾರದೆ ಪೊಲೀಸರನ್ನು ಕರೆದ ಹೆಂಗಸು ಮನೆಯನ್ನೇ ಕಳೆದುಕೊಳ್ಳುವ ಅಪಾಯ ಇಂತಹ ನಿಯಮಗಳಲ್ಲಿದೆ. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿ, ಮಾಲೀಕರನ್ನು ಹೀಗೆ ಒತ್ತಾಯಿಸುವ ಸ್ಥಳೀಯ ನಿಯಮಗಳನ್ನು ತಡೆಯಿತು. ಬಾಗಿಲಿನ ಬೀಗಕ್ಕೆ ಹೊಣೆ ಮಾಡುವುದು ಬೇರೆ, ನೆರೆಹೊರೆಯವರ ಚಾರಿತ್ರ್ಯಕ್ಕೆ ಹೊಣೆ ಮಾಡುವುದು ಬೇರೆ. 1970ರ ತೀರ್ಪು ಕೇಳಿದ್ದು ಮೊದಲನೆಯದನ್ನು.

ಈಚಿನ ಗಾಳಿ ಮಾಲೀಕರ ಕಡೆಗೆ ಬೀಸುತ್ತಿದೆ. ಜಾರ್ಜಿಯಾ ರಾಜ್ಯ 2025ರ ಏಪ್ರಿಲಿನಲ್ಲಿ ಇಂತಹ ದಾವೆಗಳನ್ನು ಬಿಗಿಗೊಳಿಸುವ ಕಾನೂನು ತಂದಿತು. ಅದಕ್ಕೂ ಮುನ್ನ, 2023ರ ಮಾರ್ಚಿನಲ್ಲಿ, ಫ್ಲಾರಿಡಾ ಮಾಡಿದ್ದು ಹೆಚ್ಚು ಕುತೂಹಲಕರ. ಅಪಾರ್ಟ್‌ಮೆಂಟ್ ಮಾಲೀಕ ಶಾಸನ ಪಟ್ಟಿ ಮಾಡಿದ ಕ್ರಮಗಳನ್ನು ಬಹುಪಾಲು ಪಾಲಿಸಿದ್ದರೆ ಅವನ ಮೇಲೆ ಹೊಣೆ ಇಲ್ಲವೆಂದು ನ್ಯಾಯಾಲಯ ಭಾವಿಸಿಕೊಂಡು ಮುಂದುವರಿಯಬೇಕು. ಪಟ್ಟಿ ಹೀಗೆ ಹೋಗುತ್ತದೆ: ಒಳಬರುವ ಹೊರಹೋಗುವ ಜಾಗಗಳಲ್ಲಿ ಕ್ಯಾಮೆರಾ, ಅದರ ದೃಶ್ಯಗಳನ್ನು ಕನಿಷ್ಠ 30 ದಿನ ಉಳಿಸಿಕೊಳ್ಳುವುದು, ಮುಸ್ಸಂಜೆಯಿಂದ ಬೆಳಗಿನವರೆಗೆ ಪಾರ್ಕಿಂಗ್ ಜಾಗದಲ್ಲಿ ಗೊತ್ತುಪಡಿಸಿದ ಪ್ರಮಾಣದ ಬೆಳಕು, ಓಡಾಡುವ ದಾರಿಗಳಲ್ಲಿಯೂ ಬೆಳಕು, ಪ್ರತಿ ಮನೆಯ ಬಾಗಿಲಿಗೆ ಕನಿಷ್ಠ ಒಂದು ಅಂಗುಲದ ಡೆಡ್‌ಬೋಲ್ಟ್ ಚಿಲಕ, ಕಿಟಕಿಗಳಿಗೆ ಲಾಕು, ಈಜುಕೊಳದ ಗೇಟಿಗೆ ಬೀಗ, ಬಾಗಿಲಿಗೆ ಇಣುಕುಗಂಡಿ. ಜೊತೆಗೆ ಮೂರು ವರ್ಷಕ್ಕಿಂತ ಹಳೆಯದಲ್ಲದ ಭದ್ರತಾ ತಪಾಸಣೆ, ಸಿಬ್ಬಂದಿಗೆ ತರಬೇತಿ. ಜ್ಯೂರಿ ಹೊಣೆ ಹಂಚುವಾಗ ಅಪರಾಧಿಯ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದೂ ಅದೇ ಕಾನೂನು ಹೇಳಿತು.

ಇದು ಮಾಲೀಕರ ಒತ್ತಡದಿಂದ ಬಂದ ಕಾನೂನು ಎಂದು ತಳ್ಳಿಹಾಕುವವರಿದ್ದಾರೆ. ಹೊಣೆಯನ್ನು ಅಪರಾಧಿಯೊಂದಿಗೆ ಹಂಚುವ ಭಾಗವನ್ನು ನಾನೂ ಮೆಚ್ಚುವುದಿಲ್ಲ, ಏಕೆಂದರೆ ಅಪರಾಧಿಯ ಪಾಲಿಗೆ ಬಿದ್ದ ಹಣ ಗಾಯಗೊಂಡವರ ಕೈಗೆ ಬರುವುದೇ ಇಲ್ಲವೆನ್ನಬಹುದು. ಆದರೆ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯ ಬೇರೆ. ವೈನ್‌ಟ್ರಾಬ್ ಅವರು 1962ರಲ್ಲಿ ಕೇಳಿದ ಪ್ರಶ್ನೆಗೆ ಅಂಗುಲಗಳಲ್ಲಿ, ದಿನಗಳಲ್ಲಿ ಉತ್ತರ ಕೊಟ್ಟ ಪಟ್ಟಿ ಅದು. ಅದನ್ನು ಕೈಯಲ್ಲಿ ಹಿಡಿದು ಬಾಡಿಗೆದಾರರೂ ತಮ್ಮ ಕಟ್ಟಡವನ್ನು ಒಂದು ಸುತ್ತು ಹಾಕಿ ನೋಡಬಹುದು.

ನಮ್ಮಲ್ಲಿ ಈ ಪ್ರಶ್ನೆ ಬೇರೆ ರೂಪ ತಾಳುತ್ತದೆ. ವಾಷಿಂಗ್ಟನ್ನಿನಲ್ಲಿ 585 ಮನೆಗಳಿಗೂ ಮೂರು ಬಾಗಿಲುಗಳಿಗೂ ಒಬ್ಬನೇ ಒಡೆಯ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದೊಂದು ಫ್ಲ್ಯಾಟಿಗೆ ಒಬ್ಬೊಬ್ಬ ಮಾಲೀಕರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಕಾರಿಡಾರು, ಲಾಬಿ, ಮೆಟ್ಟಿಲು, ಒಳಹೊರ ಹೋಗುವ ದಾರಿಗಳನ್ನು ಸಾಮಾನ್ಯ ಪ್ರದೇಶವೆಂದು ಎಣಿಸುತ್ತದೆ. ಅದರಲ್ಲಿ ಎಲ್ಲ ಫ್ಲ್ಯಾಟ್ ಮಾಲೀಕರಿಗೂ ಅವಿಭಾಜ್ಯ ಪಾಲಿದೆ, ನೋಡಿಕೊಳ್ಳುವುದು ಸಂಘ. ಗೇಟಿನಲ್ಲಿ ನಿಲ್ಲುವವರು ಸಂಘ ಗೊತ್ತು ಮಾಡಿದ ಸೆಕ್ಯುರಿಟಿ ಏಜೆನ್ಸಿಯವರು. ಆ ಏಜೆನ್ಸಿ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯ ಪ್ರಕಾರ ಪರವಾನಗಿ ಪಡೆದಿರಬೇಕು, ಕಾವಲುಗಾರರ ಪೂರ್ವಾಪರ ಪರಿಶೀಲಿಸಿರಬೇಕು, ತರಬೇತಿ ಕೊಟ್ಟಿರಬೇಕು. ಹೀಗೆ ಬಾಡಿಗೆ ಪಡೆಯುವವರು ಒಬ್ಬರು, ಕಾರಿಡಾರಿನ ಮೇಲೆ ಹತೋಟಿ ಇರುವವರು ಇನ್ನೊಬ್ಬರು, ಕಾವಲು ಕಾಯುವವರು ಮತ್ತೊಬ್ಬರು. ಈ ಮೂವರಲ್ಲಿ ಇಬ್ಬರೊಂದಿಗೆ ಬಾಡಿಗೆದಾರನಿಗೆ ಕರಾರೇ ಇರುವುದಿಲ್ಲ, ಮೆಂಟೆನೆನ್ಸ್ ಹಣವನ್ನು ಎಷ್ಟೋ ಕಡೆ ಅವನೇ ಕಟ್ಟುತ್ತಿದ್ದರೂ ಸಂಘದ ಸಭೆಯಲ್ಲಿ ಅವನಿಗೆ ಮತವಿಲ್ಲ. ವಿಲ್ಕಿ ಅವರ ತರ್ಕವನ್ನು ಇಲ್ಲಿಗೆ ತಂದರೆ ಅದರ ಬೆರಳು ತೋರುವುದು ಹತೋಟಿ ಇರುವವರ ಕಡೆಗೆ, ಅಂದರೆ ಮೊದಲು ಸಂಘದ ಕಡೆಗೆ. ಅಮೆರಿಕದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ನಿರ್ಲಕ್ಷ್ಯದ ಮೂಲತತ್ವ ಮಾತ್ರ ಎರಡೂ ಕಡೆಯ ಕಾನೂನಿಗೆ ಒಂದೇ ಇಂಗ್ಲಿಷ್ ಪರಂಪರೆಯಿಂದ ಬಂದದ್ದು.

1970ರಲ್ಲಿ ಆ ಮಹಿಳೆ ಗೆದ್ದದ್ದು ದಾಖಲೆಗಳ ಬಲದಿಂದ. ಕಟ್ಟಡದಲ್ಲಿ ಮೊದಲು ಎಂತಹ ಕಾವಲಿತ್ತು, ನಂತರ ಏನಾಯಿತು ಎಂಬುದು ನಿರ್ವಿವಾದವಾಗಿತ್ತು. ನಡೆದ ಅಪರಾಧಗಳ ದಿನಾಂಕವಾರು ಪಟ್ಟಿ ಸಾಕ್ಷ್ಯವಾಗಿ ಸೇರಿತ್ತು. ಮಾಲೀಕರಿಗೆ ವಿಷಯ ತಿಳಿಸಿದ್ದೂ ಸಾಬೀತಾಗಿತ್ತು. ನ್ಯೂಜೆರ್ಸಿಯ ಎಡಿಸನ್ನಿನಲ್ಲಾಗಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಾಗಲಿ ಬಾಡಿಗೆಗಿರುವವರು ಇದನ್ನು ಇಂದೇ ಶುರು ಮಾಡಬಹುದು. ಮನೆಗೆ ಬಂದ ದಿನ ಗೇಟು, ಬೀಗ, ದೀಪ, ಕ್ಯಾಮೆರಾಗಳ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಬೀಗ ಕೆಟ್ಟರೆ, ರಾತ್ರಿ ಪಾಳಿಯ ಕಾವಲುಗಾರ ಇಲ್ಲವಾದರೆ ಬಾಯಿಮಾತಿನಲ್ಲಿ ನಿಲ್ಲಿಸದೆ ದಿನಾಂಕ ಹಾಕಿ ಬರೆದು ತಿಳಿಸಬೇಕು, ಬೆಂಗಳೂರಿನಲ್ಲಾದರೆ ಮನೆ ಮಾಲೀಕರಿಗೂ ಸಂಘಕ್ಕೂ ಎರಡು ಪ್ರತಿ. ಏನಾದರೂ ಅನಾಹುತ ಆದರೆ, ಪೊಲೀಸರಿಗೆ ದೂರು ಕೊಡುವುದರ ಜೊತೆಗೆ, ಕ್ಯಾಮೆರಾದ ದೃಶ್ಯಗಳನ್ನು ಅಳಿಸದೆ ಉಳಿಸಿ ಎಂದು ಆ ದಿನವೇ ಲಿಖಿತವಾಗಿ ಕೇಳಬೇಕು. ದಾಳಿಕೋರ ಯಾವ ಬಾಗಿಲಿನಿಂದ ಒಳಗೆ ಬಂದ ಎಂಬ ಮ್ಯಾಕಿನ್ನನ್ ಅವರ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇರುವುದು ಅದರಲ್ಲಿ.